ಉಳವಿಯಿಂದ ಇಂಟರ್ನ್‌ಶಿಪ್‌ಗೆ ಎಷ್ಟು ದೂರ?

ಜೋಯಿಡಾ: ಚನ್ನಬಸವಣ್ಣನವರ ಸಮಾಧಿ ಇರುವ ಉಳವಿಯ ಜಾತ್ರೆಗೆ ಧಾರವಾಡ, ಬೆಳಗಾವಿ ಕಡೆಯಿಂದ ಚಕ್ಕಡಿಗಳು ಬರುತ್ತವೆ. ಅದೇ ಊರಿನ ಬಿ.ಕಾಂ. ವಿದ್ಯಾರ್ಥಿ ಓದುವ ವ್ಯವಹಾರ ಅರ್ಥಶಾಸ್ತ್ರಕ್ಕೂ ಧಾರವಾಡದವನು ಓದುವುದಕ್ಕೂ ವ್ಯತ್ಯಾಸವಿಲ್ಲ. ಇಬ್ಬರದೂ ಕರ್ನಾಟಕ ವಿಶ್ವವಿದ್ಯಾಲಯದ ಪಠ್ಯವೇ. ಅಂತರ ಗೋಚರಿಸುವುದು ಪದವಿಯ ನಂತರ, ಇಂಟರ್ನ್‌ಶಿಪ್ ಹುಡುಕುವಾಗ.

ಕೇಂದ್ರ ಸರಕಾರ 2024ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆಯು ಇಂತಹ ಪದವೀಧರರಿಗಾಗಿಯೇ ರೂಪುಗೊಂಡಿತ್ತು. ಐಐಟಿ, ಐಐಎಂ ಪದವೀಧರರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಆದರೂ ಮೊದಲ ಸುತ್ತಿನಲ್ಲಿ ಕಂಪನಿಗಳು ನೀಡಿದ 82 ಸಾವಿರಕ್ಕೂ ಅಧಿಕ ಆಹ್ವಾನಗಳ ಪೈಕಿ ಸ್ವೀಕೃತವಾದವು ಸುಮಾರು 28 ಸಾವಿರ. ಕೆಲಸಕ್ಕೆ ಸೇರಿದವರು 8,700ರಷ್ಟು ಮಾತ್ರ. ಅಭ್ಯರ್ಥಿಗಳು ಹೇಳಿದ ಕಾರಣಗಳಲ್ಲಿ ಸ್ಥಳದ ದೂರವೂ ಒಂದು.

ಪಠ್ಯಪುಸ್ತಕ ಇದನ್ನು ಅವಕಾಶ ವೆಚ್ಚ ಎನ್ನುತ್ತದೆ. ಆಗ ನಿಗದಿಯಾಗಿದ್ದ ಮಾಸಿಕ ಭತ್ಯೆ 5,000 ರೂ. ಬೆಂಗಳೂರಿನಲ್ಲಿ ಮನೆಯಿರುವವನಿಗೆ ಅದು ಕೈಖರ್ಚು. ಉಳವಿಯಿಂದ ಹೋದವನಿಗೆ ಕೋಣೆ ಬಾಡಿಗೆಗೂ ಊಟಕ್ಕೂ ಸಾಲದ ಮೊತ್ತ. ಉಳಿದುದನ್ನು ಮನೆಯವರೇ ಕಳಿಸಬೇಕು. ಅಂಕಪಟ್ಟಿಗಿಂತ ಬಾಡಿಗೆಯಿಲ್ಲದ ಕೋಣೆಯೇ ಇಲ್ಲಿ ದೊಡ್ಡ ಅರ್ಹತೆ.

ವಿಪರ್ಯಾಸವೆಂದರೆ, ಕಲಿತದ್ದನ್ನು ಬಳಸಲು ಜೋಯಿಡಾದಲ್ಲಿಯೇ ಕೆಲಸವುಂಟು. ಗಣೇಶಗುಡಿಯ ರಾಫ್ಟಿಂಗ್, ದಾಂಡೇಲಿ ಸುತ್ತಲಿನ ಹೋಂಸ್ಟೇಗಳಿಗೆ ದರ ನಿಗದಿ, ಲೆಕ್ಕಪತ್ರ, ಮಳೆಗಾಲದ ನಷ್ಟ ಸರಿದೂಗಿಸುವ ಯೋಜನೆ ಎಲ್ಲವೂ ಬೇಕು. ಆದರೆ ದೇಶದ ಅಗ್ರ 500 ಕಂಪನಿಗಳನ್ನು ನೆಚ್ಚಿಕೊಂಡ ಯೋಜನೆಯಲ್ಲಿ ಹೋಂಸ್ಟೇ ಮಾಲೀಕನಿಗೆ ಜಾಗವೆಲ್ಲಿ?

ರಾಜ್ಯ ಸರಕಾರದ ಯುವನಿಧಿ ನಿರುದ್ಯೋಗಿ ಪದವೀಧರನಿಗೆ ತಿಂಗಳಿಗೆ 3,000 ರೂ. ಕೊಡುತ್ತದೆ, ಗರಿಷ್ಠ 2 ವರ್ಷ. ಕೆಲಸ ಸಿಕ್ಕೊಡನೆ ಅದು ನಿಲ್ಲುತ್ತದೆ. ಈ ಹಣವನ್ನು ತಾಲ್ಲೂಕಿನೊಳಗಿನ ಒಂದು ವರ್ಷದ ತರಬೇತಿಗೆ ಜೋಡಿಸಿದರೆ, ಉಳವಿಯ ಪದವೀಧರ ಬೆಂಗಳೂರಿನ ಬಸ್ಸು ಹತ್ತುವ ಮೊದಲೇ ಅನುಭವ ಪತ್ರವೊಂದು ಅವನ ಕೈಯಲ್ಲಿರುತ್ತದೆ.