ಕೆರೆಯ ಕಾನೂನು ದಂಡೆಯ ಮೇಲೇ ಇರಲಿ

ಮಾರತ್ತಹಳ್ಳಿಯಿಂದ ಹೊರವರ್ತುಲ ರಸ್ತೆ ಹಿಡಿದು ದಕ್ಷಿಣಕ್ಕೆ ಹೊರಟರೆ ಮೊದಲು ಬೆಳ್ಳಂದೂರು, ಆಮೇಲೆ ಅಗರ. ಅಗರದಲ್ಲಿ ಗಂಗರ ಕಾಲದ, ಒಂಬತ್ತನೇ ಶತಮಾನದ ಶಾಸನವೊಂದಿದೆ. ಇರುಗಮಯ್ಯನ ಮಗ ಸಿರಿಮಯ್ಯ ಎರಡು ಕೆರೆಗಳಿಗೆ ತೂಬು ಇಡಿಸಿ, ಮೂಡಣ ಕೆರೆಯನ್ನು ಕಟ್ಟಿಸಿದನೆಂದು ಅದು ಹೇಳುತ್ತದೆ. ಕೆರೆಯಂಚಿನಿಂದ ಎಷ್ಟು ಜಾಗ ಬಿಟ್ಟು ಕಟ್ಟಡ ಕಟ್ಟಬೇಕೆಂಬ ವ್ಯಾಜ್ಯ ನಮ್ಮ ಕಾಲದಲ್ಲಿ ಎದ್ದದ್ದೂ ಈ ಅಗರ–ಬೆಳ್ಳಂದೂರಿನ ಆಸುಪಾಸಿನಲ್ಲೇ. 2016ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 75 ಮೀಟರ್ ಎಂದಿತು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಆ ಅಳತೆಯನ್ನು ರದ್ದುಮಾಡಿತು. ಅಳತೆ ಯಾವುದೇ ಆಗಲಿ, ದಂಡೆಯ ಮೇಲೆ ನಿಂತವರಿಗೆ ಅದು ಕಾಣುವುದಿಲ್ಲ. ಕಡತದಲ್ಲಿದೆ.

ಕಾನೂನಿಗೂ ಕಲ್ಲಿಗೂ ನಂಟು ಹಳೆಯದು. ಬೈಬಲಿನ ಹಳೆಯ ಒಡಂಬಡಿಕೆಯ ಹೀಬ್ರೂವಿನಲ್ಲಿ ಕೊರೆ, ಕೆತ್ತು ಎಂಬರ್ಥದ ‘ಹಾಕಕ್’ ಎಂಬ ಕ್ರಿಯಾಪದವಿದೆ. ಬಂಡೆಯಲ್ಲಿ ಗೋರಿ ಕೊರೆಸಿಕೊಳ್ಳುವ ಅಧಿಕಾರಿಯ ಕುರಿತು ಪ್ರವಾದಿ ಯೆಶಾಯ ಬಳಸುವುದು ಇದನ್ನೇ, ಆಳುವವರು ಕಟ್ಟಳೆ ವಿಧಿಸುವುದಕ್ಕೆ ಜ್ಞಾನೋಕ್ತಿಗಳ ಗ್ರಂಥದಲ್ಲಿ ಬರುವುದೂ ಇದೇ. ಅಲ್ಲಿ ಉಳಿಯ ಕೆಲಸ ಕಾನೂನಾಯಿತು. ನಮ್ಮ ‘ಶಾಸನ’ದ ದಾರಿ ತಿರುವುಮುರುವು: ಮೊದಲು ಆಜ್ಞೆ, ಆಮೇಲೆ ಅದನ್ನು ಹೊತ್ತ ಕಲ್ಲು. ವಿಧಾನಸೌಧದಲ್ಲಿ ಕೂರುವವರೂ ಶಾಸಕರೇ ತಾನೆ! ಎರಡೂ ಕಡೆ ಕಲ್ಲು–ಕಾನೂನಿನ ಈ ನಂಟನ್ನು ಶಾಶ್ವತತೆಯ ಮಾತೆಂದು ವ್ಯಾಖ್ಯಾನಿಸುವುದು ರೂಢಿ. ನನಗೆ ಮುಖ್ಯವೆನಿಸುವುದು ಬೇರೆ. ಕೆತ್ತಿದ ಆಜ್ಞೆಗೆ ಒಂದು ಜಾಗ ಬೇಕು, ಆ ಜಾಗದಲ್ಲಿ ಅದು ಎಲ್ಲರ ಕಣ್ಣೆದುರು ನಿಲ್ಲಬೇಕು.

ಕೆತ್ತಿದ್ದೆಲ್ಲ ನ್ಯಾಯವೇ ಎಂದು ಕೇಳಬಹುದು. ಅಲ್ಲ, ಅನ್ಯಾಯದ ಕಟ್ಟಳೆ ಹೊರಡಿಸುವವರನ್ನು ಯೆಶಾಯ ಶಪಿಸುವಾಗಲೂ ಇದೇ ಪದ ಬರುತ್ತದೆ. ಆದರೆ ಕಾಣದ ಕಟ್ಟಳೆಯ ಮೇಲೆ ತಕರಾರು ಎತ್ತುವುದಾದರೂ ಹೇಗೆ? ಅಂದು ಓದು ಬಲ್ಲವರು ಎಷ್ಟಿದ್ದರು ಎಂಬುದೂ ನ್ಯಾಯವಾದ ಪ್ರಶ್ನೆ. ಅದಕ್ಕೇ ಎಷ್ಟೋ ದಾನಶಾಸನಗಳ ನೆತ್ತಿಯಲ್ಲಿ ಸೂರ್ಯ, ಚಂದ್ರ, ಹಸು–ಕರು ಇರುತ್ತಿದ್ದವು. ಅಕ್ಷರ ಬಾರದವರಿಗೂ ಅದು ದತ್ತಿಯ ನೆಲವೆಂದು ತಿಳಿಯುತ್ತಿತ್ತು. ಕಲ್ಲು ಕೆರೆಗಳನ್ನು ಉಳಿಸಲಿಲ್ಲ ಎನ್ನುವವರ ಮಾತು ನಿಜ. ಕಡತವೂ ಉಳಿಸಲಿಲ್ಲ, ಆದರೆ ಸಿರಿಮಯ್ಯನ ಹೆಸರು ನಮಗೆ ಸಿಕ್ಕಿದ್ದು ಕಲ್ಲಿನಿಂದ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ, ಕಾನೂನು ಬದಲಾಗುತ್ತದೆ, ಕಲ್ಲು ಬದಲಾಗದು ಎಂಬುದು. ಬದಲಾದಾಗ ಪಕ್ಕದಲ್ಲೇ ಇನ್ನೊಂದು ಕಲ್ಲು ನಿಲ್ಲಿಸಲಿ, ಹಳೆಯದನ್ನು ಕೀಳದಿರಲಿ. ಯಾವ ವರ್ಷ ಎಷ್ಟು ಮೀಟರ್ ಕರಗಿತೆಂದು ಸೈಟು ಕೊಳ್ಳಲು ಬಂದವರೂ ಓದಿಕೊಳ್ಳುತ್ತಾರೆ. ಸರ್ವೆಯವರು ಈಗಲೂ ಗಡಿಕಲ್ಲು ನೆಡುತ್ತಾರೆ. ಅದರ ಮೇಲೆ ಅಳತೆ, ಆದೇಶದ ತಾರೀಖು, ಹೊರಡಿಸಿದ ಇಲಾಖೆಯ ಹೆಸರು, ಇಷ್ಟನ್ನು ಕನ್ನಡದಲ್ಲಿ ಕೆತ್ತಿಸಲಿ.