ಹುಡುಗನ ಮುಖ ಯಾರ ಸೊತ್ತು?

ಟಿ.ವಿ.ಯ ಸಂಗೀತ ಸ್ಪರ್ಧೆಗಳತ್ತ ನಮ್ಮ ಗಡಿನಾಡಿನ ಮನೆಗಳ ಮಕ್ಕಳೂ ಆಸೆಗಣ್ಣಿನಿಂದ ನೋಡುತ್ತಿದ್ದಾರೆ. ಬೆಂಗಳೂರಿನ ವಾಹಿನಿಯಾದರೂ ಸರಿ, ಕೊಚ್ಚಿಯದಾದರೂ ಸರಿ. ನಮ್ಮ ಮಗುವೊಂದು ತೆರೆಯ ಮೇಲೆ ಹಾಡಿದರೆ ನಮಗೂ ಹೆಮ್ಮೆಯೇ. ಆದರೆ ಅದಕ್ಕೆ ಮುನ್ನ ಹೆತ್ತವರು ಡೇವಿಡ್ ಕ್ಯಾಸಿಡಿ ಎಂಬ ಅಮೆರಿಕನ್ ಗಾಯಕನ ಕತೆಯನ್ನು ಕೇಳಿಕೊಳ್ಳುವುದು ಲೇಸು.

1950ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಈತನ ತಂದೆತಾಯಿ ಇಬ್ಬರೂ ಕಲಾವಿದರು. 1970ರ ಸೆಪ್ಟೆಂಬರಿನಲ್ಲಿ ಎ.ಬಿ.ಸಿ. ಟೆಲಿವಿಷನ್ನಿನಲ್ಲಿ 'ದಿ ಪಾರ್ಟ್ರಿಜ್ ಫ್ಯಾಮಿಲಿ' ಎಂಬ ಧಾರಾವಾಹಿ ಆರಂಭವಾಯಿತು. ಒಬ್ಬ ತಾಯಿ ತನ್ನ ಐವರು ಮಕ್ಕಳೊಂದಿಗೆ ಬಣ್ಣ ಬಳಿದ ಬಸ್ಸಿನಲ್ಲಿ ಊರೂರು ತಿರುಗಿ ಹಾಡುವ ಕತೆ. ತಾಯಿಯ ಪಾತ್ರದಲ್ಲಿ ಶರ್ಲಿ ಜೋನ್ಸ್. ಆಕೆ ನಿಜಜೀವನದಲ್ಲಿ ಡೇವಿಡ್‌ನ ಮಲತಾಯಿ. ಹಿರಿಯ ಮಗನ ಪಾತ್ರಕ್ಕೆ ಈತನನ್ನು ಆರಿಸಿದ್ದು ನಟನೆಂದು. ಹಾಡಬಲ್ಲನೆಂಬುದು ಗೊತ್ತಾದದ್ದು ಆಮೇಲೆ! ತೆರೆಯ ಮೇಲಿನ ಆ ಕುಟುಂಬದಲ್ಲಿ ಧ್ವನಿಮುದ್ರಿಕೆಗೆ ಹಾಡಿದವರು ಇವರಿಬ್ಬರೇ. ಉಳಿದವರದು ಬರಿಯ ತುಟಿಯಾಟ. ಅದೇ ವರ್ಷ ನವೆಂಬರಿನಲ್ಲಿ 'ಐ ಥಿಂಕ್ ಐ ಲವ್ ಯೂ' ಹಾಡು ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರಿತು. ಹುಡುಗಿಯರ ಕೋಣೆಗಳ ಗೋಡೆ ತುಂಬ ಡೇವಿಡ್‌ನ ಚಿತ್ರಗಳು.

ಹಗಲು ಚಿತ್ರೀಕರಣ, ರಾತ್ರಿ ಧ್ವನಿಮುದ್ರಣ, ವಾರಾಂತ್ಯಕ್ಕೆ ವಿಮಾನವೇರಿ ಇನ್ನೊಂದು ಊರಿನಲ್ಲಿ ಕಾರ್ಯಕ್ರಮ. ಆರಂಭದ ಸಂಬಳ ವಾರಕ್ಕೆ 600 ಡಾಲರ್. ತಿಂಡಿಯ ಡಬ್ಬಿ, ಬಬಲ್‌ಗಮ್ಮಿನ ಕಾರ್ಡು, ಪುಸ್ತಕ, ಎಲ್ಲದರ ಮೇಲೂ ಆತನ ಮುಖ ಅಚ್ಚಾಗಿ ಮಾರಾಟವಾಗುತ್ತಿತ್ತು. ಕರಾರಿಗೆ ಸಹಿ ಹಾಕುವಾಗ ಆತನಿಗೆ 21 ತುಂಬಿರಲಿಲ್ಲ, ಅಂದಿನ ಅಲ್ಲಿನ ಕಾನೂನಿನಂತೆ ಆತ ಅಪ್ರಾಪ್ತ, ಎಂಬುದು ಆತನ ವ್ಯವಹಾರ ನೋಡುತ್ತಿದ್ದಾಕೆಯ ಕಣ್ಣಿಗೆ ಬಿತ್ತು. ಅದನ್ನೇ ಹಿಡಿದು ಹೊಸ ಕರಾರು ಮಾಡಿಸಿದರು. ಒಬ್ಬರು ಕಾಗದವನ್ನು ಓದಿದ್ದರಿಂದ ಆದದ್ದು ಅಷ್ಟು. ಹಾಗಿದ್ದೂ ತನ್ನ ಮುಖ ಮಾರಿದ ಹಣದಲ್ಲಿ ಪಾಲು ಬರಲಿಲ್ಲವೆಂದು ಆತ ಸೋನಿ ಸಂಸ್ಥೆಯ ಮೇಲೆ ದಾವೆ ಹೂಡಿದ್ದು 2011ರಲ್ಲಿ, ತನ್ನ 61ನೆಯ ವಯಸ್ಸಿನಲ್ಲಿ!

1974ರ ಮೇ 26ರಂದು ಲಂಡನ್ನಿನ ವೈಟ್ ಸಿಟಿ ಕ್ರೀಡಾಂಗಣದಲ್ಲಿ ಆತನ ಕಾರ್ಯಕ್ರಮ. ವೇದಿಕೆಯತ್ತ ಜನ ನುಗ್ಗಿದ ನೂಕುನುಗ್ಗಲಿನಲ್ಲಿ ನೂರಾರು ಮಂದಿಗೆ ಪೆಟ್ಟಾಯಿತು. 14 ವರ್ಷದ ಬಾಲಕಿಯೊಬ್ಬಳು ನಾಲ್ಕು ದಿನಗಳ ಬಳಿಕ ತೀರಿಕೊಂಡಳು. ಆಕೆಯ ಹೆತ್ತವರನ್ನು ನೆನೆದರೆ ಮಾತು ಹೊರಡದು. ಧಾರಾವಾಹಿ ಆ ವರ್ಷವೇ ಮುಗಿದಿತ್ತು.

ಪ್ರತಿಭೆ ಇರಲಿಲ್ಲವೆಂದು ಯಾರೂ ಹೇಳಲಾರರು. 'ಪೊಲೀಸ್ ಸ್ಟೋರಿ'ಯ ಒಂದು ಕಂತಿನ ನಟನೆಗೆ ಎಮ್ಮಿ ಪ್ರಶಸ್ತಿಯ ನಾಮನಿರ್ದೇಶನ ಬಂತು. 1993ರಲ್ಲಿ ಮಲತಮ್ಮ ಶಾನ್ ಜತೆ ಬ್ರಾಡ್‌ವೇ ರಂಗದ ಮೇಲೆ 'ಬ್ಲಡ್ ಬ್ರದರ್ಸ್' ಆಡಿದ. ಈ ಶಾನ್ ಕೂಡ ಒಂದು ಕಾಲದಲ್ಲಿ ಹುಡುಗಿಯರ ಕಣ್ಮಣಿ. ಆದರೆ ಹೊತ್ತಿಗೆ ಸರಿಯಾಗಿ ಬರವಣಿಗೆಗೆ ಹೊರಳಿ ಧಾರಾವಾಹಿಗಳ ನಿರ್ಮಾಪಕನಾದ. ಅಣ್ಣನನ್ನು ಮಾತ್ರ ಹಳೆಯ ಚಿತ್ರ ಬಿಡಲೇ ಇಲ್ಲ. ಕುಡಿತ, ಸಾಲ, ಕೋರ್ಟು ಎಂದು ಕಳೆದು, 2017ರ ನವೆಂಬರಿನಲ್ಲಿ 67ರ ವಯಸ್ಸಿಗೆ ಫ್ಲೋರಿಡಾದಲ್ಲಿ ತೀರಿಕೊಂಡ.

ನಮ್ಮ ದೇಶದಲ್ಲಿ ಅದೇ 2017ರಲ್ಲಿ ಬಾಲಕಾರ್ಮಿಕ ನಿಯಮಗಳಿಗೆ ತಿದ್ದುಪಡಿಯಾಯಿತು. ಅದರಂತೆ 14 ತುಂಬದ ಕಲಾವಿದ ಮಗುವನ್ನು ದಿನಕ್ಕೆ ಐದು ಗಂಟೆಗಿಂತ ಹೆಚ್ಚು, ಬಿಡುವಿಲ್ಲದೆ ಮೂರು ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ಗಳಿಕೆಯ ಕನಿಷ್ಠ ಶೇ. 20 ಭಾಗ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಮಗುವಿನ ಹೆಸರಿನಲ್ಲೇ ಠೇವಣಿಯಾಗಬೇಕು. ಜಿಲ್ಲಾ ಮ್ಯಾಜಿಸ್ಟ್ರೇಟರ ಅನುಮತಿಯೂ ಬೇಕು. ಮಗುವನ್ನು ಕರೆದೊಯ್ಯುವ ಎಷ್ಟು ಮಂದಿ ಹೆತ್ತವರಿಗೆ ಇದು ಗೊತ್ತು? ಮುಂದಿಟ್ಟ ಕಾಗದ ಇಂಗ್ಲಿಷಿನಲ್ಲೋ ಮಲಯಾಳದಲ್ಲೋ ಇದ್ದರೆ, ಕನ್ನಡದಲ್ಲಿ ಓದಿ ಹೇಳಿರೆಂದು ಕೇಳಲು ಸಂಕೋಚವೇಕೆ? ಮಗುವಿನ ಚಿತ್ರ, ಧ್ವನಿಗಳನ್ನು ಎಲ್ಲೆಲ್ಲಿ, ಎಷ್ಟು ಕಾಲ ಬಳಸುತ್ತಾರೆಂಬ ಸಾಲನ್ನು ಎರಡು ಸಲ ಓದಿಸಿ ಕೇಳಿ, ಆಮೇಲೆ ಪೆನ್ನು ಹಿಡಿಯಿರಿ.