ಸಣ್ಣ ಪಟ್ಟಣಗಳ ಘನತ್ಯಾಜ್ಯ ವಿಲೇವಾರಿ: ಮಿತವ್ಯಯದ ಮಾರ್ಗ

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಹಾಗೂ ಬಸವನ ಬಾಗೇವಾಡಿ ಪಟ್ಟಣಗಳ ಜನಸಂಖ್ಯೆಯು 2011ರ ಜನಗಣತಿಯಂತೆ ತಲಾ 30 ರಿಂದ 40 ಸಾವಿರದೊಳಗಿತ್ತು. ಈ ಗಾತ್ರದ ಪಟ್ಟಣಗಳ ಆದಾಯ ಮೂಲಗಳು ಸೀಮಿತವಾಗಿರುತ್ತವೆ. ಆದ್ದರಿಂದ ಆಸ್ತಿ ತೆರಿಗೆಯೊಂದಿಗೆ ನಾಗರಿಕರು ಪಾವತಿಸುವ ಘನತ್ಯಾಜ್ಯ ಉಪಕರವು ಹೇಗೆ ವ್ಯಯವಾಗುತ್ತದೆ ಎಂಬುದು ಮುಖ್ಯ. ವಿಶ್ವಬ್ಯಾಂಕಿನ 2018ರ ವರದಿಯ ಪ್ರಕಾರ, ಕಡಿಮೆ ಆದಾಯದ ದೇಶಗಳಲ್ಲಿ ಪೌರ ಸಂಸ್ಥೆಗಳ ಆಯವ್ಯಯದ ಸರಾಸರಿ ಶೇ. 20ರಷ್ಟು ತ್ಯಾಜ್ಯ ನಿರ್ವಹಣೆಗೇ ಹೋಗುತ್ತದೆ; ಶ್ರೀಮಂತ ದೇಶಗಳಲ್ಲಿ ಸುಮಾರು ಶೇ. 4 ಮಾತ್ರ.

ನಾಲ್ಕೂ ಪಟ್ಟಣಗಳಿಗೆ ಒಂದೇ ದೊಡ್ಡ ಘಟಕ ಸ್ಥಾಪಿಸಿದಲ್ಲಿ ಹಣ ಉಳಿಯುತ್ತದೆ ಎಂಬ ವಾದ ಮೇಲ್ನೋಟಕ್ಕೆ ಸರಿಯೆನಿಸುತ್ತದೆ. ಆದರೆ ಇಂಡಿ ಜಿಲ್ಲೆಯ ಉತ್ತರಕ್ಕಿದೆ, ಮುದ್ದೇಬಿಹಾಳ ದಕ್ಷಿಣಕ್ಕಿದೆ. ಕಟ್ಟಡದ ಖರ್ಚು ಒಮ್ಮೆ ಮುಗಿಯುವಂಥದು, ಸಾಗಣೆಯ ಖರ್ಚು ದಿನನಿತ್ಯದ್ದು. ಒಬ್ಬರಿಗೆ ದಿನಕ್ಕೆ 300 ಗ್ರಾಂ ಎಂದು ಲೆಕ್ಕ ಹಿಡಿದರೆ, 35 ಸಾವಿರ ಜನರ ಪಟ್ಟಣದಲ್ಲಿ ಹತ್ತೂವರೆ ಟನ್ ಕಸ ಉತ್ಪತ್ತಿಯಾಗುತ್ತದೆ. ಅದರಲ್ಲಿ ಅರ್ಧ ಹಸಿ ಕಸವೆಂದರೂ ಐದು ಟನ್ನಿಗೆ ಮಿಗಿಲು. ಅಡುಗೆಮನೆಯ ಕಸದ ತೂಕದಲ್ಲಿ ಬಹುಪಾಲು ನೀರೇ. ಅದನ್ನು ದೂರದ ಘಟಕಕ್ಕೆ ಒಯ್ಯುವುದೆಂದರೆ ಡೀಸೆಲ್ ಸುಟ್ಟು ನೀರು ಹೊತ್ತಂತೆ. ಮಳೆ ಕಡಿಮೆಯಿರುವ ಈ ಸೀಮೆಯಲ್ಲಿ ಇದು ವಿಚಿತ್ರವೇ ಸರಿ.

ಹಸಿ ಕಸವನ್ನು ಆಯಾ ಪಟ್ಟಣದಲ್ಲಿಯೇ ಗೊಬ್ಬರವಾಗಿಸಿ, ಒಣ ಕಸವನ್ನು ಮರುಬಳಕೆಗೆ ನೀಡಿ, ಯಾವುದಕ್ಕೂ ಬಾರದ ಉಳಿಕೆಯನ್ನು ಮಾತ್ರ ಸಾಮೂಹಿಕ ನೆಲಭರ್ತಿ ಸ್ಥಳಕ್ಕೆ ಕಳುಹಿಸುವುದು ಅಗ್ಗದ ಕ್ರಮ. ಗೊಬ್ಬರ ಕೊಳ್ಳುವವರನ್ನು ದೂರದಲ್ಲಿ ಹುಡುಕಬೇಕಿಲ್ಲ. 2023ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಇಂಡಿ ಲಿಂಬೆಯ ತೋಟಗಳು ಹತ್ತಿರದಲ್ಲಿಯೇ ಇವೆ. ಆದರೆ ಗಾಜಿನ ಚೂರು, ಪ್ಲಾಸ್ಟಿಕ್ ಬೆರೆತ ಗೊಬ್ಬರವನ್ನು ಯಾವ ರೈತರೂ ಹೊಲಕ್ಕೆ ಹಾಕುವುದಿಲ್ಲ. ಹಾಗಾಗಿ ಘಟಕದ ಯಂತ್ರಕ್ಕಿಂತ ಮನೆಯ ಎರಡು ಬುಟ್ಟಿಗಳೇ ಈ ಲೆಕ್ಕವನ್ನು ನಿರ್ಧರಿಸುತ್ತವೆ.

ವಿಂಗಡಿಸದ ಕಸವನ್ನು ಊರಾಚೆ ಸುರಿಯುವುದರ ಫಲವನ್ನು ರಾಜ್ಯ ಕಂಡಿದೆ. ಬೆಂಗಳೂರಿನ ಕಸ ಹೊತ್ತ ಲಾರಿಗಳು ಮಂಡೂರಿಗೆ ಹೋಗುವುದು ಗ್ರಾಮಸ್ಥರ ವಿರೋಧದಿಂದಾಗಿ 2014ರ ಕೊನೆಗೆ ನಿಂತಿತು. 2000ದ ನಿಯಮಗಳು ಸಂಸ್ಕರಣಾ ಘಟಕಗಳಿಗೆ 2003ರ ಡಿಸೆಂಬರ್ ಅಂತ್ಯದ ಗಡುವು ನೀಡಿದ್ದವು. ಬಹಳಷ್ಟು ಊರುಗಳಲ್ಲಿ ಗಡುವು ಮೀರಿತು. 2016ರ ನಿಯಮಗಳು ಮೂಲದಲ್ಲಿಯೇ ವಿಂಗಡಿಸುವ ಹೊಣೆಯನ್ನು ಕಸ ಉತ್ಪಾದಿಸುವವರ ಮೇಲೆಯೇ ಇರಿಸಿದವು.

ಮನೆಗಳಿಗಿಂತ ಹೆಚ್ಚು ಹಸಿ ಕಸ ಒಂದೆಡೆ ಸೇರುವುದು ಖಾನಾವಳಿ, ತರಕಾರಿ ಮಾರುಕಟ್ಟೆ ಹಾಗೂ ಕಲ್ಯಾಣ ಮಂಟಪಗಳಲ್ಲಿ. ಉದ್ದಿಮೆ ಪರವಾನಗಿಗೆ ಅರ್ಜಿ ಸಲ್ಲಿಸುವ ಇಂಥವರು ಹಸಿ ಕಸಕ್ಕೆ ಪ್ರತ್ಯೇಕ ಡಬ್ಬಿಯನ್ನೂ, ವಾಹನ ಬರುವವರೆಗೆ ಅದನ್ನಿರಿಸಲು ನೆರಳಿನ ಸ್ಥಳವನ್ನೂ ಮೊದಲೇ ಗುರುತಿಸಿಕೊಳ್ಳುವುದು ಸೂಕ್ತ.